ಶರಣವ್ವ ತಿಕ್ಕಿದ ಮನೆ

ಜಾಹೀರಾತಿನ ಫೋಟೊದಲ್ಲಿ ಶರಣವ್ವನ ಬಕೆಟ್ ಇತ್ತು. ಅದಕ್ಕೇ ಅವಳು ನಂಬಿದಳು.

ನೀಲಿ ಬಕೆಟ್. ಹಿಡಿಕೆ ಮುರಿದಿದ್ದಕ್ಕೆ ಹಳೆ ಸೀರೆಯ ಅಂಚು ಕಟ್ಟಿದ್ದು. ಬಚ್ಚಲಿನ ಫೋಟೊದ ಮೂಲೆಯಲ್ಲಿ ಅರ್ಧ ಕಾಣುತ್ತಿತ್ತು. ಕಾಂದಿವಲಿಯ ಚಾಳಿನ ಖೋಲಿಯಲ್ಲಿ ಕೂತು ಮಗಳು ಸೋನಾಲಿ ಮೊಬೈಲಿನಲ್ಲಿ ಬಾಡಿಗೆ ಮನೆಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು. ಶರಣವ್ವ ಅವಳ ಕೈ ಹಿಡಿದು ನಿಲ್ಲಿಸಿದಳು. ಅದು ಸಾಂತಾಕ್ರೂಜ್‌ನ ಒಂದು ಸೊಸೈಟಿಯ ಬಿ ವಿಂಗಿನ ಎರಡುನೂರಾ ನಾಲ್ಕು. ಎರಡು ತಿಂಗಳ ಹಿಂದೆ ಆ ಮನೆಯನ್ನು ಮೂಲೆಮೂಲೆ ತಿಕ್ಕಿದವಳು ಅವಳೇ.

ಅವಳ ಕೆಲಸವೇ ಅದು. ಬಾಡಿಗೆಯವರು ಬಿಟ್ಟುಹೋದ ಮನೆಗಳನ್ನು ಮುಂದಿನವರಿಗೆ ಹಸನು ಮಾಡಿಕೊಡುವುದು. ಅಮೋಲ್ ಎಂಬ ಗುತ್ತಿಗೆದಾರ ಬೆಳಿಗ್ಗೆ ಫೋನು ಮಾಡಿ ಬಿಲ್ಡಿಂಗಿನ ಹೆಸರು, ಮನೆಯ ನಂಬರು ಹೇಳುತ್ತಾನೆ. ಇವಳು ಬಕೆಟ್, ಬ್ರಶ್ಶು, ಆ್ಯಸಿಡ್ ಬಾಟಲಿ ಹಿಡಿದು ಲೋಕಲ್ ಹತ್ತುತ್ತಾಳೆ. ಜನ ಮನೆ ಬಿಡುವಾಗ ಫ್ಯಾನು, ಪರದೆ ಎಲ್ಲ ಬಿಚ್ಚಿಕೊಂಡು ಹೋಗುತ್ತಾರೆ. ಹೊಲಸು ಮಾತ್ರ ಬಿಟ್ಟುಹೋಗುತ್ತಾರೆ. ಒಲೆಯ ಹಿಂದಿನ ಜಿಡ್ಡು, ಮೋರಿಯಲ್ಲಿ ಸಿಕ್ಕಿದ ಕೂದಲ ಗಂಟು, ಸಂಡಾಸಿನ ಹಳದಿ ಕರೆ. ಎಲ್ಲ ಮೊಣಕಾಲೂರಿಯೇ ತೆಗೆಯಬೇಕು. ಆ್ಯಸಿಡ್ಡಿಗೆ ಅಂಗೈಯ ತೊಗಲು ಎದ್ದು, ಹೆಬ್ಬೆರಳಿನ ಗೆರೆ ಅಳಿಸಿ, ರೇಷನ್ ಅಂಗಡಿಯ ಯಂತ್ರ ಅವಳನ್ನು ಗುರುತಿಸುವುದನ್ನೇ ಬಿಟ್ಟಿತ್ತು. ಎಲ್ಲ ಥಳಥಳ ಆದಮೇಲೆ ಅಮೋಲ್ ಬಂದು ಫೋಟೊ ತೆಗೆದು ದಲಾಲರಿಗೆ ಕಳಿಸುತ್ತಾನೆ. ಆ ದಿನ ಅವಸರದಲ್ಲಿ ಬಕೆಟ್ ಫೋಟೊದೊಳಗೆ ಉಳಿದುಬಿಟ್ಟಿತ್ತು.

ಮನೆ ಅವರಿಗೆ ತುರ್ತಾಗಿ ಬೇಕಿತ್ತು. ಚಾಳಿನ ಮಾಲಕ ಖೋಲಿ ಮಾರುವವನಿದ್ದ. ತಿಂಗಳ ಕೊನೆಯೊಳಗೆ ಖಾಲಿ ಮಾಡಲು ಹೇಳಿದ್ದ. ಶರಣವ್ವನ ಗಂಡ ತೀರಿ ಒಂಬತ್ತು ವರ್ಷವಾಗಿತ್ತು. ಸೋನಾಲಿ ಔಷಧಿ ಅಂಗಡಿಯಲ್ಲಿ ಬಿಲ್ಲು ಮಾಡುತ್ತ ಬಿ.ಕಾಂ ಕೊನೆಯ ವರ್ಷ ಓದುತ್ತಿದ್ದಳು. ಇಬ್ಬರ ಪಗಾರ ಕೂಡಿದರೆ ಬಾಡಿಗೆ ಕಟ್ಟಬಹುದಿತ್ತು. ತೊಡಕು ಬಾಡಿಗೆಯದಾಗಿರಲಿಲ್ಲ. ಮೂರು ವಾರದಲ್ಲಿ ಒಂಬತ್ತು ಮನೆ ನೋಡಿದ್ದರು. ಮನೆ ನೋಡಿದ್ದರು ಅನ್ನುವುದೂ ಸುಳ್ಳು, ಒಂಬತ್ತು ಬಾಗಿಲು ನೋಡಿದ್ದರು.

ದಲಾಲರು ಮೊದಲು ಅಡ್ಡಹೆಸರು ಕೇಳುತ್ತಿದ್ದರು. ಆಮೇಲೆ ಊಟ ಏನು ಎಂದು. ಆಮೇಲೆ ಕೆಲಸ ಏನು ಎಂದು. ಒಬ್ಬ ಮಾಲಕಿ ಮುಂಗಡ ತೆಗೆದುಕೊಂಡು ಬೀಗದ ಕೈ ಕೊಡುವ ಹೊತ್ತಿಗೆ, ಶರಣವ್ವ ಸಂಡಾಸು ತೊಳೆಯುತ್ತಾಳೆಂದು ಯಾರೋ ಹೇಳಿದರು. ಮುಂಗಡ ವಾಪಸು ಬಂತು. ಆ ನೋಟುಗಳನ್ನು ಆಕೆ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. ಮಾಟುಂಗದಲ್ಲಿ ಕನ್ನಡದವರೇ ಆದ ಒಬ್ಬ ಹಿರಿಯರು ಖೋಲಿ ಬಾಡಿಗೆಗೆ ಕೊಡುತ್ತಾರೆಂದು ಕೇಳಿ ಅಲ್ಲಿಗೂ ಹೋದರು. ವಿಜಾಪುರದ ಮಾತು ಕಿವಿಗೆ ಬಿದ್ದದ್ದೇ ಅವರು ಖುಷಿಯಾಗಿ ಕುರ್ಚಿ ಎಳೆದು ಕೂರಿಸಿದರು. ಊರಲ್ಲಿ ಮಳೆ ಹೇಗೆ, ಜೋಳ ಹೇಗೆ ಎಂದು ವಿಚಾರಿಸಿದರು. ಆಮೇಲೆ ಮೆಲ್ಲಗೆ, ಯಾರ ಪೈಕಿ ನೀವು ಎಂದರು. ಶರಣವ್ವ, ಸಿಂದಗಿ ಕಡೆಯವರು ಎಂದಳು. ಊರು ಕೇಳಲಿಲ್ಲ ಎಂದು ಅವರು ನಕ್ಕರು. ಖೋಲಿ ನಿನ್ನೆಯೇ ಬೇರೆಯವರಿಗೆ ಹೋಗಿಬಿಟ್ಟಿದೆ ಅನ್ನುವುದು ಅವರಿಗೆ ಆಗ ನೆನಪಾಯಿತು.

ಇಂಥ ಹೊತ್ತಿನಲ್ಲಿ ಬಕೆಟ್ ಕಂಡಿತ್ತು. ಬಾಡಿಗೆ ಹನ್ನೊಂದು ಸಾವಿರ. ಸಾಂತಾಕ್ರೂಜ್‌ನಲ್ಲಿ ಆ ದುಡ್ಡಿಗೆ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಹೆಚ್ಚು. ಅದು ಶರಣವ್ವನಿಗೆ ಗೊತ್ತಿತ್ತು. ಗೊತ್ತಿದ್ದೂ ಫೋನು ಹಚ್ಚಿಸಿದಳು.

ಆ ಕಡೆಯವನು ತನ್ನ ಹೆಸರು ಕಿಶೋರ ಎಂದ. ಹಡಗಿನಲ್ಲಿ ಅಧಿಕಾರಿ, ವರ್ಷದಲ್ಲಿ ಆರೆಂಟು ತಿಂಗಳು ಸಮುದ್ರದ ಮೇಲೇ ಇರುತ್ತೇನೆ ಎಂದ. ಹಿಂದಿಯಲ್ಲಿ ಎಷ್ಟು ಮರ್ಯಾದೆಯಿಂದ ಮಾತಾಡಿದನೆಂದರೆ, ಮೊದಲ ಸಲ 'ಮೇಡಂ' ಅಂದಾಗ ಶರಣವ್ವ ಹಿಂದಕ್ಕೆ ತಿರುಗಿ ಬೇರೆ ಯಾರಾದರೂ ಬಂದರೇ ಎಂದು ನೋಡಿದಳು. ಅವನು ಊರು ಕೇಳಲಿಲ್ಲ. ಅಡ್ಡಹೆಸರು ಕೇಳಲಿಲ್ಲ. ಒಲೆಯ ಮೇಲೆ ಏನು ಬೇಯುತ್ತದೆ ಎಂದು ಕೇಳಲಿಲ್ಲ. ಬಾಡಿಗೆ ಇಷ್ಟು ಕಡಿಮೆ ಯಾಕೆ ಎಂದು ಸೋನಾಲಿ ಕೇಳಿದ್ದಕ್ಕೆ, ದುಡ್ಡಿನ ಆಸೆ ನನಗಿಲ್ಲ ಮೇಡಂ, ಮನೆಯನ್ನು ಸ್ವಚ್ಛವಾಗಿ ಇಟ್ಟುಕೊಳ್ಳುವ ಜನ ಸಿಕ್ಕರೆ ಸಾಕು ಎಂದ.

ಅಲ್ಲಿಗೆ ಶರಣವ್ವನ ಕಥೆ ಮುಗಿಯಿತು. ಆ ಒಂದು ಪರೀಕ್ಷೆಯಲ್ಲಿ ತನ್ನನ್ನು ಸೋಲಿಸುವವರು ಇಡೀ ಮುಂಬೈಯಲ್ಲಿ ಯಾರೂ ಇಲ್ಲ ಎಂದು ಅವಳ ಎದೆ ಉಬ್ಬಿತು.

ಸೋನಾಲಿಗೆ ಅನುಮಾನ ಹೋಗಿರಲಿಲ್ಲ. ಮುಂಬೈಯಲ್ಲೇ ಹುಟ್ಟಿದ ಹುಡುಗಿ. ಕನ್ನಡ ತಡವರಿಸುತ್ತಿತ್ತು, ಬುದ್ಧಿ ತಡವರಿಸುತ್ತಿರಲಿಲ್ಲ. "ಅವ್ವಾ, ಪೆಹಲೆ ಮನಿ ನೋಡೂಣು. ನೋಡದ ಪೈಸೆ ಹಾಕಬ್ಯಾಡ. ಆನ್‌ಲೈನ್‌ದಾಗ ಫ್ರಾಡ್ ಭಾಳ ಇರ್ತಾವ."

"ಆ ಮನಿ ನಾ ನೋಡಿಲ್ಲೇನ? ಅದರ ಸಂಡಾಸದಾಗ ತಲಿ ತೂರಿಸಿ ನೋಡೀನಿ. ಮಾಲಕ ಸೈತ ಹಂಗ ನೋಡಿರಾಕಿಲ್ಲ."

ಅವಳ ಮಾತು ಖರೆಯೇ ಆಗಿತ್ತು. ಮನೆ ಖರೆ. ಬಕೆಟ್ ಖರೆ. ಸುಳ್ಳು ಅಂದರೆ ಕಿಶೋರ ಒಬ್ಬನೇ.

ಹಾಗಾದರೆ ಸೊಸೈಟಿಯ ಆಫೀಸಿಗೆ ಹೋಗಿ ಎರಡುನೂರಾ ನಾಲ್ಕರ ಮಾಲಕರ ಹೆಸರಾದರೂ ಕೇಳಿ ಬರೋಣ ಎಂದಳು ಮಗಳು. ಲೈಟ್ ಬಿಲ್ಲು ಯಾರ ಹೆಸರಿನಲ್ಲಿದೆ ನೋಡೋಣ ಎಂದಳು. ಶರಣವ್ವ ಸಿಡುಕಿದಳು. ಕೇಳಲು ಹೋದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಸಂಡಾಸು ತೊಳೆಯುವವಳು ಮನೆ ಮಾಡಲು ಬರುತ್ತಿದ್ದಾಳೆಂದು ಸುದ್ದಿಯಾಗುತ್ತದೆ, ಬಾಗಿಲು ಹಾಕುತ್ತಾರೆ. ಸದ್ದಿಲ್ಲದೆ ಒಳಗೆ ಹೋಗಿ ಪಾತ್ರೆ ಇಳಿಸಿಬಿಟ್ಟರೆ ಆಮೇಲೆ ಏನು ಮಾಡುತ್ತಾರೆ? ಹೀಗೆ ಅವಳು ತನ್ನ ಜಾತಿಯನ್ನು ಮುಚ್ಚಿಡಲು ಹೋಗಿ ಕಳ್ಳನ ಕಳವನ್ನೂ ಮುಚ್ಚಿಟ್ಟಳು. ಕಳ್ಳನಿಗೆ ಅಷ್ಟು ಸಹಾಯ ಅವನ ಹೆತ್ತವ್ವನೂ ಮಾಡಿರಲಿಕ್ಕಿಲ್ಲ.

ಕಿಶೋರ ಮೊದಲು ಗೇಟಿನ ಪಾಸಿಗೆಂದು ದುಡ್ಡು ಕೇಳಿದ. ಪಾಸಿಲ್ಲದೆ ಒಳಗೆ ಬಿಡುವುದಿಲ್ಲ, ಸೊಸೈಟಿಯ ನಿಯಮ ಎಂದ. ಶರಣವ್ವ ತಲೆಯಾಡಿಸಿದಳು. ಅವಳಿಗೂ ದಿನಾ ಪಾಸು ತೋರಿಸಿಯೇ ಒಳಗೆ ಹೋಗಿ ಅಭ್ಯಾಸ. ಆಮೇಲೆ ಮುಂಗಡ ಕೇಳಿದ. ತನ್ನದೆಂದು ಒಂದು ಆಧಾರ್ ಕಾರ್ಡಿನ ಫೋಟೊ, ಮುದ್ರೆ ಒತ್ತಿದ ಕರಾರುಪತ್ರದ ಫೋಟೊ ಕಳಿಸಿದ. ಕೊನೆಯ ಕಂತನ್ನು ಮನೆಗೆ ಹೋಗುವ ದಿನ ಬೆಳಿಗ್ಗೆ ಹಾಕಿಸಿಕೊಂಡ. ಬೀಗದ ಕೈ ವಾಚ್‌ಮನ್ ಹತ್ತಿರ ಇರುತ್ತದೆ ಮೇಡಂ, ನಿಮಗೆ ಶುಭವಾಗಲಿ ಎಂದ. ಎಂಟು ವರ್ಷ ಭಿಶಿ ಚೀಟಿ ಹಾಕಿ ಕೂಡಿಸಿದ ದುಡ್ಡು ಅದು.

ರವಿವಾರ ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಸಾಂತಾಕ್ರೂಜ್‌ಗೆ ಬಂದರು. ಮಗಳ ಲಗ್ನಕ್ಕೆಂದು ಎತ್ತಿಟ್ಟಿದ್ದ ಇಳಕಲ್ ಸೀರೆಯನ್ನು ಶರಣವ್ವ ಉಟ್ಟಿದ್ದಳು. ಗೇಟಿನ ವಾಚ್‌ಮನ್ ಯಲ್ಲಾಲಿಂಗ ಕಲಬುರ್ಗಿ ಕಡೆಯವನು, ಪರಿಚಯದವನು. ರವಿವಾರವೂ ಕೆಲಸವೇನಕ್ಕಾ ಎಂದ.

"ಕೆಲಸಕ್ಕ ಅಲ್ಲೋ ತಮ್ಮಾ," ಎಂದಳು ಶರಣವ್ವ. "ಇರಾಕ ಬಂದೀನಿ."

ಅವನು ಚೇಷ್ಟೆ ಎಂದುಕೊಂಡು ನಕ್ಕ. ಎರಡುನೂರಾ ನಾಲ್ಕರ ಚಾವಿ ಕೊಡು ಎಂದಾಗ ನಗು ನಿಲ್ಲಿಸಿದ. ಬೆರಳೆತ್ತಿ ಎರಡನೆಯ ಮಹಡಿ ತೋರಿಸಿದ. ಅಲ್ಲಿ ಬಾಲ್ಕನಿಯ ಹಗ್ಗದ ಮೇಲೆ ಕೂಸಿನ ಅಂಗಿಗಳು ಒಣಗುತ್ತಿದ್ದವು. ಒಬ್ಬ ಹೆಂಗಸು ಕೂಸನ್ನು ಎತ್ತಿಕೊಂಡು ನಿಂತು ಕೆಳಗೆ ನೋಡುತ್ತಿದ್ದಳು. ಸೋನಾಲಿ ಕಿಶೋರನಿಗೆ ಫೋನು ಹಚ್ಚಿದಳು. ಅದು ಬಂದ್ ಆಗಿತ್ತು.

ಶರಣವ್ವನಿಗೆ ಕೂಡಲೇ ಎಲ್ಲ ತಿಳಿಯಿತು. ಆದರೂ ಬಾಯಿ ಮಾತ್ರ ತಿಳಿಯದವರಂತೆ, ಕರಾರುಪತ್ರ ಇದೆ, ಕರಾರುಪತ್ರ ಇದೆ ಎನ್ನುತ್ತಲೇ ಇತ್ತು.

ಯಲ್ಲಾಲಿಂಗ ಸೆಕ್ರೆಟರಿಯನ್ನು ಕರೆಸಿದ. ಸೆಕ್ರೆಟರಿ ಸದಾನಂದ ಉಡುಪಿ ಕಡೆಯವರು. ಎರಡು ಹೋಟೆಲುಗಳ ಮಾಲಕರು. ಇಳಿದು ಬಂದವರು ಟೆಂಪೋ ನೋಡಿದರು, ಇಳಕಲ್ ಸೀರೆ ನೋಡಿದರು, ಕರಾರುಪತ್ರದ ಫೋಟೊ ನೋಡಿದರು. "ಅದು ನನ್ನ ಮನೆ ಮಾರಾಯ್ತಿ," ಎಂದರು. "ಬಾಡಿಗೆಗೆ ಹೋಗಿ ಒಂದೂವರೆ ತಿಂಗಳಾಯ್ತು." ಯಾವನೋ ಹಳೆಯ ಜಾಹೀರಾತಿನಿಂದ ಫೋಟೊ ಕದ್ದು ತನ್ನದೆಂದು ಹಾಕಿದ್ದಾನೆ ಎಂದು ಅವರಿಗೆ ಒಂದೇ ನಿಮಿಷದಲ್ಲಿ ತಿಳಿಯಿತು. ಕಿಟಕಿಗಳಲ್ಲಿ ಜನ ನಿಂತರು. ಯಾರೋ ವೀಡಿಯೊ ಮಾಡತೊಡಗಿದರು.

ಸೋನಾಲಿ ಅಳಲಿಲ್ಲ. ಟೆಂಪೋದ ಮಗ್ಗುಲಿಗೆ ಹೋಗಿ ಆನ್‌ಲೈನ್ ಮೋಸದ ದೂರು ಕೊಡುವ ೧೯೩೦ ನಂಬರಿಗೆ ಫೋನು ಮಾಡಿ, ಯಾವ ಖಾತೆಗೆ ಯಾವಾಗ ಎಷ್ಟು ಹೋಯಿತೆಂದು ಒಂದೊಂದೇ ಬರೆಸಿದಳು. ಹಾಗೆ ಮಾಡಿದ್ದರಿಂದ ಆ ಬೆಳಗಿನ ಕೊನೆಯ ಕಂತು ಕಳ್ಳನ ಖಾತೆಯಲ್ಲೇ ತಡೆಯಲ್ಪಟ್ಟಿತು. ಮೊದಲೆರಡು ಕಂತು ಹೋದವು.

ಸದಾನಂದರಿಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿದವರಿಗೆ ಬುದ್ಧಿ ಹೇಳುವ ಹಕ್ಕು ತಾನಾಗಿ ಬರುತ್ತದೆ. "ಹನ್ನೊಂದು ಸಾವಿರಕ್ಕೆ ಇಲ್ಲಿ ಯಾರಾದ್ರೂ ಮನೆ ಕೊಡ್ತಾರಾ? ಅಷ್ಟೂ ಗೊತ್ತಾಗುದಿಲ್ವಾ ನಿಂಗೆ?"

ಶರಣವ್ವ ತಲೆ ಎತ್ತಿದಳು. "ಮೂವತ್ತೈದು ಕೊಟ್ಟಿದ್ರ ನೀವು ಕೊಡ್ತಿದ್ರೇನ್ರೀ?"

ಸದಾನಂದರು ಟೆಂಪೋದ ಮೇಲಿನ ಪಾತ್ರೆಗಳ ಕಡೆ ನೋಡಿದರು. ಅದೆಲ್ಲ ಮೆಂಬರುಗಳನ್ನು ಕೇಳಬೇಕಾಗುತ್ತದೆ ಎಂದರು.

ಟೆಂಪೋ ಮತ್ತೆ ಕಾಂದಿವಲಿಗೆ ತಿರುಗಿತು. ನಮ್ಮ ಸಾಮಾನಿಗೂ ಒಂದು ಮುಂಬೈ ದರ್ಶನ ಆಯಿತು ಎಂದು ಶರಣವ್ವ ದಾರಿಯಲ್ಲಿ ಮಗಳನ್ನು ನಗಿಸಲು ನೋಡಿದಳು. ಮಗಳು ನಗಲಿಲ್ಲ. ಚಾಳಿನ ಮಾಲಕನ ಕಾಲು ಹಿಡಿದು ಹದಿನೈದು ದಿನ ಹೆಚ್ಚು ಕೇಳಿಕೊಂಡರು. ಪೊಲೀಸ್ ಠಾಣೆಯಲ್ಲಿ ಹವಾಲ್ದಾರ ತಕರಾರು ಬರೆದುಕೊಳ್ಳುತ್ತ, ನಿನಗೆ ಸಾಂತಾಕ್ರೂಜ್‌ನಲ್ಲಿ ಫ್ಲ್ಯಾಟು ಬೇಕಾಗಿತ್ತೇ ಎಂದು ಕೇಳಿದ. ಬೇಕಾಗಿತ್ತು ಎಂದಳು. ಅವನು ಅದನ್ನು ಬರೆದುಕೊಳ್ಳಲಿಲ್ಲ.

ಮುಂದಿನ ರವಿವಾರ ಸೊಸೈಟಿಯ ಮೇಲಿನ ಮಹಡಿಯ ಹಾಲ್‌ನಲ್ಲಿ ಸಭೆ. ಆನ್‌ಲೈನ್ ಮೋಸದ ಬಗ್ಗೆ ತಿಳಿವಳಿಕೆ ಕೊಡಲು ಸಬ್ ಇನ್‌ಸ್ಪೆಕ್ಟರ್ ಒಬ್ಬರು ಬರುವವರಿದ್ದರು. ಶರಣವ್ವ ಬಂದು ನಡೆದದ್ದನ್ನು ಹೇಳಲಿ, ನಾಲ್ಕು ಜನಕ್ಕೆ ಪಾಠವಾಗಲಿ, ಏನಾದರೂ ಚಂದಾ ಕೂಡಿಸಿ ಕೊಡೋಣ ಎಂದು ಸದಾನಂದರು ಅಮೋಲ್‌ನ ಹತ್ತಿರ ಹೇಳಿಕಳಿಸಿದರು. ಮೂರ್ಖತನಕ್ಕೂ ಬೇಡಿಕೆ ಇದೆ ಅಂತಾಯಿತು ಎಂದುಕೊಂಡು ಶರಣವ್ವ ಹೋದಳು. ಹತ್ತೊಂಬತ್ತು ವರ್ಷ ಆ ಬಿಲ್ಡಿಂಗುಗಳಿಗೆ ಹೋಗಿ ಬಂದವಳು ಮೊದಲ ಸಲ ಕೆಲಸದವರ ಹಿಂದಿನ ಲಿಫ್ಟು ಬಿಟ್ಟು ಮುಂದಿನ ಲಿಫ್ಟಿನಲ್ಲಿ ಮೇಲೆ ಹೋದಳು.

ಇನ್‌ಸ್ಪೆಕ್ಟರ್ ಸಾಹೇಬರು ಚೆನ್ನಾಗಿ ಹೇಳಿದರು. ಮನೆಯನ್ನು ಕಣ್ಣಾರೆ ನೋಡದೆ ಒಂದು ರೂಪಾಯಿ ಕೊಡಬೇಡಿ. ಮಾಲಕರನ್ನು ಎದುರಿಗೆ ಕಾಣಿರಿ. ಸೊಸೈಟಿಯಲ್ಲಿ, ಅಕ್ಕಪಕ್ಕದವರಲ್ಲಿ ವಿಚಾರಿಸಿ. ಬಾಡಿಗೆ ತೀರಾ ಕಡಿಮೆಯಿದ್ದರೆ ಅನುಮಾನಪಡಿ. ಅವಸರ ಮಾಡುವವನನ್ನು ನಂಬಬೇಡಿ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಶರಣವ್ವನನ್ನು ಎಬ್ಬಿಸಿದರು.

ಅವಳು ಮುರುಕು ಹಿಂದಿಯಲ್ಲಿ ಬಕೆಟ್‌ನಿಂದ ಶುರುಮಾಡಿದಳು. ಜನ ನಕ್ಕರು. ಮೇಡಂ ಅಂದದ್ದಕ್ಕೆ ಹಿಂದೆ ತಿರುಗಿ ನೋಡಿದ್ದು ಹೇಳಿದಳು. ಇನ್ನೂ ನಕ್ಕರು. ಕರಾರುಪತ್ರದ ಫೋಟೊಗೆ ಊದುಬತ್ತಿ ಬೆಳಗಿದ್ದನ್ನೂ ಬಿಡಲಿಲ್ಲ. ಅವಳಿಗೂ ನಗು ಬಂತು. ತನ್ನಂಥ ದಡ್ಡಿ ಸಿಕ್ಕಿದ್ದು ಆ ಕಳ್ಳನ ಪುಣ್ಯ ಎಂದಳು. ಮುಂದಿನ ಸಾಲಿನಲ್ಲಿ ಸದಾನಂದರು ಕಣ್ಣು ಒರೆಸಿಕೊಂಡು ನಗುತ್ತಿದ್ದರು. ಅವರ ಮುಖ ನೋಡುತ್ತಲೇ ಅವಳ ನಗು ನಿಂತಿತು. ಅಲ್ಲಿಂದ ಮುಂದೆ ಅವಳು ಅವರಿಗೇ ಹೇಳಿದಳು, ಕನ್ನಡದಲ್ಲೇ ಹೇಳಿದಳು.

"ಸಾಹೇಬ್ರು ಮನಿ ನೋಡಿ ರೊಕ್ಕ ಕೊಡ್ರಿ ಅಂದ್ರು. ನೋಡಾಕ ಬಿಡೋರ್ಯಾರ್ರೀ? ಸೊಸೈಟಿಯಾಗ ಕೇಳ್ರಿ ಅಂದ್ರು. ಕೇಳಿದ್ರ ನೀವ ಬಾಗಲಾ ಹಾಕ್ತೀರಿ. ಒಂಬತ್ತು ಮಾಲಕರು ನನ್ನ ಜಾತಿ ಕೇಳಿದ್ರು, ಅವರೆಲ್ಲ ಖರೇ ಮಾಲಕರು. ಕೇಳಲಾರದವ ಒಬ್ಬನ ಸಿಕ್ಕ, ಅವ ಕಳ್ಳ. ನಾ ಮಾದಿಗರಾಕಿ ಅದೀನ್ರೀ. ಆ ಮನಿ ತಿಕ್ಕಾಕ ನಾ ಬೇಕು. ಇರಾಕ ಯಾಕ ಬ್ಯಾಡ? ಇದಕ್ಕೊಂದು ತಿಳಿವಳಿಕಿ ಸಭಾ ಮಾಡ್ರಿ."

ಕನ್ನಡ ತಿಳಿಯದವರು ಪಕ್ಕದವರನ್ನು ಕೇಳಿದರು. ತಿಳಿದವರು ಹೇಳಲಿಲ್ಲ. ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡರು. ಸದಾನಂದರು ಎದ್ದು, ಎಲ್ಲರೂ ಚಹಾ ತೆಗೆದುಕೊಳ್ಳಿ ಎಂದರು. ಚಂದಾದ ಮಾತು ಯಾರೂ ಎತ್ತಲಿಲ್ಲ.

ಅಮೋಲ್ ಹತ್ತಿರ ಬಂದು, ಬಂದದ್ದು ಬಂದಿದ್ದೀಯ, ಕುರ್ಚಿ ಎತ್ತಿಟ್ಟು ಹಾಲ್ ಗುಡಿಸಿ ಹೋಗು ಎಂದು ಪಿಸುಗುಟ್ಟಿದ. ಶರಣವ್ವನ ಕೈ, ಅವಳನ್ನು ಕೇಳದೆಯೇ, ಮೂಲೆಯ ಪೊರಕೆಯ ಕಡೆ ಚಾಚಿತು. ಅಷ್ಟು ಮಾತಾಡಿದ ಬಾಯಿಯ ಕೆಳಗೇ ಇಂಥ ಕೈ ಇದೆಯಲ್ಲ ಎಂದು ಅವಳಿಗೆ ಹೇಸಿಕೆಯಾಯಿತು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಇವತ್ತು ನಾನು ಭಾಷಣಕ್ಕೆ ಬಂದಿದ್ದೇನೆ ಎಂದು ಹೇಳಿ ಮೆಟ್ಟಿಲಿಳಿದಳು.

ಒಂದನೆಯ ಮಹಡಿಯಲ್ಲಿ ಯಾರೋ ಹಿಂದಿನಿಂದ ಮಾವಶಿ ಎಂದು ಕರೆದರು. ಕೂಸನ್ನು ಎತ್ತಿಕೊಂಡ ಆ ಹೆಂಗಸು, ಎರಡುನೂರಾ ನಾಲ್ಕರವಳು. ಹೆಸರು ಜ್ಯೋತ್ಸ್ನಾ. ಅಥಣಿ ಕಡೆಯ ಕನ್ನಡ. ಗಂಡ ಅಕ್ಷಯ ಬ್ಯಾಂಕಿನಲ್ಲಿದ್ದಾನೆ ಎಂದಳು. ಮೇಲೆ ಕೆಳಗೆ ನೋಡಿ ದನಿ ತಗ್ಗಿಸಿದಳು.

"ನಾವೂ ನಿಮ್ಮ ಪೈಕಿನ ಮಾವಶಿ. ಆಧಾರದಾಗ ಅಡ್ಡೆಸರು ಅಥಣಿಕರ ಅಂತ ಐತಿ, ಊರಿಂದು. ಅದಕ್ಕ ಗೊತ್ತಾಗಿಲ್ಲ. ಲಿಂಗಾಯತರು ಅಂತ ಹೇಳಿ ಮನಿ ಹಿಡದೀವಿ."

ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಗೋಡೆಯ ಮೇಲಿನ, ಸಂವಿಧಾನ ಬರೆದ ಸಾಹೇಬರ ಪಟ ತೆಗೆದು ಕಪಾಟಿನಲ್ಲಿ ಇಡುತ್ತೇವೆ ಎಂದಳು. ಅತ್ತೆ ಊರಿಂದ ಬಂದರೆ ಬಾಯಿ ತೆರೆಯಬೇಡ ಎಂದು ಹೇಳಿಟ್ಟಿದ್ದೇವೆ ಎಂದಳು. ಆಮೇಲೆ ಹೆದರಿ, ಯಾರಿಗೂ ಹೇಳಬೇಡಿ ಎಂದಳು.

ತಾನು ಸೋತ ಮನೆಯನ್ನು ತನ್ನವರೇ ಗೆದ್ದಿದ್ದಾರೆಂದು ಖುಷಿಪಡಬೇಕೋ, ಗೆದ್ದವರೂ ಕಳ್ಳರ ಹಾಗೆ ಬದುಕುತ್ತಿದ್ದಾರೆಂದು ಅಳಬೇಕೋ ಶರಣವ್ವನಿಗೆ ತಿಳಿಯಲಿಲ್ಲ. ಕೂಸಿನ ಕೆನ್ನೆ ಮುಟ್ಟಿದಳು. "ನಾ ಯಾರಿಗೂ ಹೇಳಂಗಿಲ್ಲವ್ವ," ಎಂದಳು. "ಹೇಳೂದಾದ್ರ ನೀನ ಹೇಳಬೇಕು."

ಮತ್ತೆ ಮನೆ ಹುಡುಕಾಟ ಶುರುವಾಯಿತು. ಈ ಸಲ ಸೋನಾಲಿ ಮುಂದೆ ನಿಂತಳು. ಬಾಗಿಲು ತೆರೆದ ಕೂಡಲೇ ತಮ್ಮ ಜಾತಿ, ಅವ್ವನ ಕೆಲಸ, ತಾವು ಉಣ್ಣುವುದು ಎಲ್ಲ ಅವಳೇ ಮೊದಲು ಹೇಳಿಬಿಡುತ್ತಿದ್ದಳು. ಆರು ಬಾಗಿಲು ಮುಚ್ಚಿದವು. ಆದರೆ ಬೇಗ ಮುಚ್ಚಿದವು, ಹೊತ್ತು ಉಳಿಯಿತು ಎಂದು ಶರಣವ್ವ ನಕ್ಕಳು. ಏಳನೆಯದು ಕಾಂದಿವಲಿಯಲ್ಲೇ, ಭಾಜಿ ಮಾರುವ ರಾಚವ್ವ ಎಂಬ ಬೆಳಗಾವಿಯ ಮುದುಕಿಯ ಹಿಂದಿನ ಖೋಲಿ. ನೀರು ನಸುಕಿನಲ್ಲಿ ಅರ್ಧ ತಾಸು ಬರುತ್ತದೆ, ಎದ್ದು ಹಿಡಿಯುವುದಾದರೆ ಇರಿ ಎಂದಳು ಆಕೆ. ಸೋನಾಲಿ ಲೈಟ್ ಬಿಲ್ಲು ಕೇಳಿದಳು, ತೆರಿಗೆಯ ಪಾವತಿ ಕೇಳಿದಳು, ಎರಡರಲ್ಲೂ ಹೆಸರು ಒಂದೇ ಇದೆಯೇ ನೋಡಿದಳು. ರಾಚವ್ವ ಮೊದಲು ಸಿಟ್ಟಾದಳು, ಆಮೇಲೆ ಟ್ರಂಕಿನ ತಳದಿಂದ ತೆಗೆದು ಕೊಟ್ಟಳು. ಕರಾರು ನೋಂದಣಿ ಆದಮೇಲೆಯೇ ಮುಂಗಡ ಕೊಟ್ಟರು. ಖೋಲಿಯ ಗೋಡೆ ಹಸಿ. ಮಗ್ಗುಲಲ್ಲೇ ಗಟಾರ. ಆದರೂ ಕಾಗದದಲ್ಲಿ ಶರಣವ್ವನ ಪೂರ್ತಿ ಹೆಸರಿತ್ತು.

ತಿಂಗಳು ಕಳೆದಿರಬೇಕು. ಅಮೋಲ್‌ನ ಫೋನು ಬಂತು. ಭಾಷಣ ಮಾಡಿದವಳಿಗೆ ಇನ್ನು ಆ ಬಿಲ್ಡಿಂಗಿನ ಕೆಲಸವಿಲ್ಲ ಎಂದು ಹೇಳಿದ್ದವನೇ ಈಗ ಒಂದನೇ ತಾರೀಖಿಗೆ ಅಲ್ಲಿಗೇ ಬಾ ಎಂದ. ಅವಳಷ್ಟು ಹಸನಾಗಿ ಸಂಡಾಸು ತೊಳೆಯುವವರು ಸಿಕ್ಕಿರಲಿಲ್ಲ. ಎರಡುನೂರಾ ನಾಲ್ಕು ಖಾಲಿಯಾಗಲಿದೆ ಎಂದ.

ಯಾಕೆ ಎಂದು ಕೇಳಿದಳು. ಆ ಜನ ಹುಚ್ಚರು ಎಂದ ಅಮೋಲ್. ಯಾರೂ ಕೇಳದಿದ್ದರೂ ಆಫೀಸಿಗೆ ಹೋಗಿ ತಾವು ಇಂಥವರು ಎಂದು ಬರೆದು ಕೊಟ್ಟಿದ್ದಾರೆ. ಪಟವನ್ನು ಬಾಗಿಲ ಮೇಲೇ ತೂಗುಹಾಕಿದ್ದಾರೆ. ಮಾಲಕರು ಬಿಡಲು ಹೇಳಿದರೆ, ಕರಾರು ಇನ್ನೂ ಎಂಟು ತಿಂಗಳಿದೆ, ಬಿಡುವುದಿಲ್ಲ ಎನ್ನುತ್ತಿದ್ದಾರಂತೆ. ಒಂದನೇ ತಾರೀಖಿಗೆ ಹೇಗಾದರೂ ಎಬ್ಬಿಸುತ್ತಾರೆ, ನೀನು ಬಕೆಟ್ ತೆಗೆದುಕೊಂಡು ಬಾ, ಈ ಸಲ ದುಪ್ಪಟ್ಟು ಕೊಡುತ್ತೇನೆ ಎಂದ.

ದುಪ್ಪಟ್ಟು ಅಂದಾಗ ಶರಣವ್ವನ ಜೀವ ಒಂದು ಗಳಿಗೆ ತೂಗಿತು. ಹಸಿ ಗೋಡೆ ಕಣ್ಣ ಮುಂದೆಯೇ ಇತ್ತು. ಸುಳ್ಳು ಯಾಕೆ ಹೇಳಬೇಕು, ತೂಗಿತು.

"ಆ ಮನಿ ಖಾಲಿ ಇಲ್ಲ ಅಮೋಲ್ ಭಾವೂ," ಎಂದಳು. "ಅದರಾಗ ಮಂದಿ ಅದಾರ."

ನೀನಲ್ಲದಿದ್ದರೆ ಇನ್ನೊಬ್ಬಳು ಎಂದು ಅವನು ಫೋನಿಟ್ಟ. ಅವನ ಕೈಯಲ್ಲಿ ಮನೆ ತಿಕ್ಕುವ ಹೆಂಗಸರು ಇನ್ನೂ ಏಳು ಜನ ಇದ್ದರು. ಮರುದಿನ ಅವನು ಏಳೂ ಜನಕ್ಕೆ ಫೋನು ಮಾಡಿದ. ಶರಣವ್ವ ಹಿಂದಿನ ಸಂಜೆಯೇ ಏಳೂ ಜನಕ್ಕೆ ಮಾಡಿ ಮುಗಿಸಿದ್ದಳು.